ಊರಿಗೆ ಹೆಸರು ಬಂದ ಬಗೆ

ಸೇತುವೆಯ ಬಾಯಲ್ಲಿ ದೊಡ್ಡ ಬೋರ್ಡು ನಿಲ್ಲಿಸಿ, ಮೇಲೆ ಊರಿನ ಹೆಸರು, ಕೆಳಗೆ ಆ ಹೆಸರು ಬಂದದ್ದು ಹೇಗೆಂದು ನಾಲ್ಕು ಸಾಲು ಬರೆಸಬೇಕೆಂದು ನಗರಸಭೆಗೆ ಹೊಳೆದದ್ದೇ ಪೇಂಟರನ ಗ್ರಹಚಾರಕ್ಕೆ ಮೂಲವಾಯಿತು. ಸಂಜೆ ಅಧ್ಯಕ್ಷರು ಬಂದು ಪರದೆ ಸರಿಸುವವರಿದ್ದರು. ಅವರಿಗೆ ಮೆಚ್ಚಿಗೆಯಾದರೆ ಊರಿನ ಬೀದಿಬೀದಿಯ ಬೋರ್ಡುಗಳೂ ಪೇಂಟರನ ಪಾಲಿಗೇ. ಬೆಳಕು ಹರಿಯುತ್ತಲೇ ಅವನು ಏಣಿ ಹತ್ತಿದ್ದ.

ಆ ನಾಲ್ಕು ಸಾಲನ್ನು ಹೇಳಿಕೊಟ್ಟವರು ನಿವೃತ್ತ ಮೇಷ್ಟರು. ಹಿಂದೆ ಒಬ್ಬ ರಾಣಿ ಈ ಹೊಳೆ ದಾಟುವಾಗ ಅವಳ ಕಿವಿಯೋಲೆ ನೀರಿಗೆ ಬಿತ್ತಂತೆ. ಊರಿಗೆ ಅವಳದೇ ಹೆಸರಂತೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

"ಏನ್ ಅಳಿಯಂದ್ರೇ, ಯಾವ ರಾಣಿ? ಯಾರಪ್ಪನ ಮನೆ ರಾಣಿ?"

ಪೇಂಟರನ ಮಾವ. ತಲೆತಲಾಂತರದಿಂದ ದೋಣಿ ನಡೆಸಿದ ಮನೆತನ. ಸೇತುವೆ ಬಂದ ಮೇಲೆ ದೋಣಿ ದಡಕ್ಕೆ ಬಿದ್ದಿತ್ತು, ಗತ್ತು ಮಾತ್ರ ಇನ್ನೂ ತೇಲುತ್ತಿತ್ತು.

"ನಮ್ಮ ಮುತ್ತಜ್ಜ ದಾಟಿಸ್ದೇ ಇದ್ರೆ ಇಲ್ಲಿಗೆ ಒಂದು ನರಪಿಳ್ಳೆನೂ ಬರ್ತಿರ್ಲಿಲ್ಲ. ಊರಿಗಿರೋದು ಅವರ ಹೆಸ್ರು. ಅಳಿಸಿ! ಇಲ್ಲಾಂದ್ರೆ ನನ್ನ ಮಗಳನ್ನ ಇವತ್ತೇ ಕರ್ಕೊಂಡು ಹೋಗ್ತೀನಿ."

ಪೇಂಟರ್ ರಾಣಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಮುತ್ತಜ್ಜನನ್ನು ದೋಣಿ ಹತ್ತಿಸಿದ. ಬಣ್ಣ ಆರುವ ಮೊದಲೇ ಮೇಷ್ಟರು ಬಂದರು. ಬೋರ್ಡು ಓದುತ್ತ ಓದುತ್ತ ಒಲೆಯ ಮೇಲಿಟ್ಟ ಹಾಲಿನಂತೆ ಉಕ್ಕಿದರು.

"ಜೀವಮಾನ ಎಲ್ಲ ಪಾಠ ಮಾಡಿದೀನಿ ಕಣಯ್ಯಾ! ಹಾಗಾದ್ರೆ ಅದೆಲ್ಲ ಸುಳ್ಳಾ?"

"ನಿಮ್ಮ ರಾಣೀನ ಕಂಡೋರು ಯಾರ್ರೀ?" ಎಂದರು ಮಾವ.

"ನಿಮ್ಮ ಮುತ್ತಜ್ಜನ್ನ ಕಂಡೋರು ಯಾರು?"

ಗಲಾಟೆ ಕೇಳಿ ಇಸ್ತ್ರಿ ಅಂಗಡಿಯ ಅಕ್ಕ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಓಡಿಬಂದಳು. "ರಾಣಿನೂ ಇಲ್ಲ, ಅಜ್ಜನೂ ಇಲ್ಲ. ಹೊಳೇಲಿ ಬಟ್ಟೆ ಒಗೆಯೋ ಬಂಡೆ ಇದ್ಯಲ್ಲ, ಅದರ ಹೆಸರೇ ಊರಿಗೆ ಬಂದಿರೋದು. ನಮ್ಮಜ್ಜಿ ಹೇಳ್ತಿದ್ಲು. ಬರಿ ತಮ್ಮಾ."

ಪೆಟ್ಟಿಗೆ ಪಾದದ ಹತ್ತಿರ ಬಂದದ್ದರಿಂದ ಪೇಂಟರ್ ಎರಡು ಮೆಟ್ಟಿಲು ಮೇಲೇರಿ ಬಂಡೆಯನ್ನೂ ಬರೆದ. ಮೇಷ್ಟರು ಏಣಿ ಅಲ್ಲಾಡಿಸಿದರು. ಬಣ್ಣದ ಡಬ್ಬಿ ಮಾವನ ಬೋಳುತಲೆಯ ಮೇಲೆ ಮಗುಚಿತು. ನೀಲಿ ಬಣ್ಣ ಕಿವಿಯಿಂದ ಇಳಿಯುತ್ತಿದ್ದರೂ ಮಾವ ಮುತ್ತಜ್ಜನನ್ನು ಬಿಡಲಿಲ್ಲ.

ಬೆಳಗಿನಿಂದ ಹೊಟ್ಟೆಗೆ ಒಂದು ಗುಟುಕು ನೀರಿಲ್ಲದ ಪೇಂಟರನಿಗೆ ಪಿತ್ತ ನೆತ್ತಿಗೇರಿತು. ಮೇಲಿನ ಊರಿನ ಹೆಸರೊಂದನ್ನು ಬಿಟ್ಟು ಇಡೀ ಬೋರ್ಡಿಗೆ ಬಿಳಿ ಬಳಿದ. ಬಿಸಿಲಿಗೆ ಅದು ಆರುತ್ತಲೇ, ಹಲ್ಲು ಕಚ್ಚಿಕೊಂಡು, ಊರಿನ ಹೆಸರಿನ ಕೆಳಗೆ ತನ್ನದೇ ಇತಿಹಾಸ ಗೀಚಿದ: 'ಹಿಂದೆ ಸುತ್ತಲಿನ ಊರಿನವರು ತಮ್ಮಲ್ಲಿದ್ದ ಜಗಳಗಂಟರನ್ನೆಲ್ಲ ಹಿಡಿದು ಈ ದಡಕ್ಕೆ ಓಡಿಸಿದರು. ಅವರಲ್ಲಿ ಎಲ್ಲರಿಗಿಂತ ದೊಡ್ಡ ಜಗಳಗಂಟನ ಹೆಸರೇ ಊರಿಗೆ ನಿಂತಿತು.'

"ಹ್ಞೂಂ, ಈಗ ಹೊಡೀರಿ ನನ್ನ!" ಎಂದು ಇಳಿದು ನಿಂತ.

ಅಷ್ಟರಲ್ಲಿ ಅಧ್ಯಕ್ಷರ ಕಾರು ಬಂತು. ಅವರು ಕನ್ನಡಕ ಏರಿಸಿ ಓದಿದರು. ಎದೆ ಉಬ್ಬಿತು.

"ಭೇಷ್! ಆ ದೊಡ್ಡ ಜಗಳಗಂಟ ನಮ್ಮ ತಾತನ ತಾತ ಕಣಯ್ಯಾ. ನಮ್ಮ ಮನೆತನದ ಹೆಸರು ಯಾಕೆ ಹಾಕಿಲ್ಲ?"

ಮಾವ ನೀಲಿ ತಲೆ ಎತ್ತಿದರು. "ಏನಂದ್ರಿ? ಜಗಳದಲ್ಲಿ ನಮ್ಮ ಮುತ್ತಜ್ಜನ್ನ ಮೀರಿಸೋ ಗಂಡು ಇದ್ನಾ?"

"ನಮ್ಮಜ್ಜಿ ಆ ಬಂಡೆ ಮೇಲೆ ಬಟ್ಟೆಗಿಂತ ಜನರನ್ನೇ ಜಾಸ್ತಿ ಒಗೆದಿದ್ದಾಳೆ!" ಎಂದಳು ಅಕ್ಕ.

"ರಾಣೀನ ಅರಮನೆಯಿಂದ ಓಡಿಸಿದ್ದೇ ಅವಳ ಜಗಳದ ಬಾಯಿಗೆ ಹೆದರಿ!" ಎಂದು ಮೇಷ್ಟರು ಗುಡುಗಿದರು.

ಪೇಂಟರ್ ಕೈಮುಗಿದ. "ಸ್ವಾಮೀ, ಅದು ನಾನು ಕೋಪಕ್ಕೆ ಕಟ್ಟಿದ ಕತೆ. ಪೂರಾ ಸುಳ್ಳು."

ಅವತ್ತು ಮೊದಲ ಸಲ ಊರೆಲ್ಲ ಒಂದಾಯಿತು.

"ಸುಳ್ಳಾ? ನಮ್ಮ ಹಿರಿಯರನ್ನೇ ಸುಳ್ಳು ಅಂತೀಯಾ? ಊರಿನ ಇತಿಹಾಸ ನಿನಗೇನೋ ಗೊತ್ತು! ಹತ್ತು ಏಣಿ!"

ಅವನು ಹತ್ತಿದ. ಯಾರ ಮನೆತನದ ಹೆಸರು ಮೊದಲು ಬರೆಯಬೇಕೆಂದು ಕೆಳಗೆ ಎಲ್ಲರೂ ಕೈ ಕೈ ಮಿಲಾಯಿಸಿದ್ದರು.