ಮೊಣಕಾಲಿನಲ್ಲಿ ಕರಗುವ ಸ್ಕ್ರೂ

ಕಬ್ಬಿಣದ ಸ್ಕ್ರೂ ಹಾಕುತ್ತಿದ್ದ ಕಾಲದಲ್ಲಿ ನಮ್ಮ ಆಸ್ಪತ್ರೆಯಲ್ಲಿ ಯಾರೂ ನಗುತ್ತಿರಲಿಲ್ಲ. ಕರಗುವ ಸ್ಕ್ರೂ ಬಂದ ಮೇಲೆ ನಗದ ವಾರವೇ ಇಲ್ಲ. ಅಂಕೋಲೆಯ ಈ ಸಣ್ಣ ಮೂಳೆ ಆಸ್ಪತ್ರೆಯಲ್ಲಿ ನಾನು ನರ್ಸ್. ಡಾಕ್ಟರು ಘಟ್ಟದ ಮೇಲಿನವರು, ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ. ಅದನ್ನು ನಮ್ಮ ಕಡೆಯ ಮಾತಿಗೆ ಇಳಿಸುವ ಕೆಲಸ ನನ್ನದು.

ವಿಷಯ ಇಷ್ಟೇ. ಮೊಣಕಾಲಿನೊಳಗೆ ಹರಿದ ನಾರನ್ನು ಮತ್ತೆ ಮೂಳೆಗೆ ಬಿಗಿಯಲು ಸ್ಕ್ರೂ ಬೇಕು. ಈ ಹೊಸ ಸ್ಕ್ರೂ ಒಂದು ಬಗೆಯ ಪ್ಲಾಸ್ಟಿಕ್ಕು, ಜೊತೆಗೆ ಮೂಳೆಯಲ್ಲಿರುವಂಥದೇ ಸುಣ್ಣದ ಪುಡಿ. ಪ್ಲಾಸ್ಟಿಕ್ಕು ವರ್ಷಗಟ್ಟಲೆ ನಿಧಾನಕ್ಕೆ ಕರಗುತ್ತದೆ, ಸುಣ್ಣವನ್ನು ಆಸರೆ ಮಾಡಿಕೊಂಡು ಹೊಸ ಮೂಳೆ ಬೆಳೆಯುತ್ತದೆ. ಹೇಳಲಿಕ್ಕೆ ಬಹಳ ಸುಲಭ.

ಉಸಿರು

ಕಾರವಾರದಲ್ಲಿ ಮೀನು ಮಾರುವ ಹೆಂಗಸೊಬ್ಬಳಿಗೆ ಈ ಸ್ಕ್ರೂ ಹಾಕಿದೆವು. ಕರಗಿದ್ದು ಎಲ್ಲಿಗೆ ಹೋಗುದು ಎಂದು ಅವಳು ಕೇಳಿದಳು. ಡಾಕ್ಟರಿಗೆ ಖುಷಿಯಾಯಿತು. ಮೊದಲು ಮೊಸರಿನಲ್ಲಿರುವಂಥ ಹುಳಿಯಾಗುತ್ತದೆ, ಆಮೇಲೆ ದೇಹ ಅದನ್ನೂ ಒಡೆದು ನೀರು, ಗಾಳಿ ಮಾಡುತ್ತದೆ, ಗಾಳಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ ಎಂದು ವಿವರಿಸಿದರು.

ಮುಂದಿನ ಸಲ ಅವಳು ನಗುತ್ತಾ ಬಂದಳು. ಬಸ್ಸಿನಲ್ಲಿ ಪಕ್ಕದವಳ ಹತ್ತಿರ ಮಾತಿಗೆ ಮಾತು ಬಂದು, ನನ್ನ ಕಾಲಿನ ಸ್ಕ್ರೂ ಈಗ ಉಸಿರಿನಲ್ಲಿ ಹೊರಗೆ ಬರ್ತಾ ಉಂಟು ಎಂದಳಂತೆ. ಪಕ್ಕದವಳು ಎದ್ದು ಹಿಂದೆ ಹೋಗಿ ನಿಂತಳು. ಎದುರು ಸೀಟಿನವರು ಮೂಗಿಗೆ ಕರವಸ್ತ್ರ ಹಿಡಿದರು.

"ಅಂಕೋಲೆ ಮುಟ್ಟುವವರೆಗೆ ಕಾಲು ಚಾಚಿಕೊಂಡೇ ಬಂದೆ ತಂಗಿ," ಎಂದಳು. "ಇದು ಕರಗಿ ಮುಗಿದ್ಮೇಲೆ ಇನ್ನೊಂದು ಹಾಕ್ತಾರಾ?"

ಹುಳಿ

ಆ ಮೊಸರಿನ ಹುಳಿಯ ಮಾತು ಹಟ್ಟಿಕೇರಿಯ ಒಬ್ಬ ಅತ್ತೆಯ ಕಿವಿಗೂ ಬಿತ್ತು. ಸೊಸೆಯ ಕಾಲಿಗೆ ಸ್ಕ್ರೂ ಬಂದಾಗಿನಿಂದ ಮನೆಯ ಹಾಲು ಒಡೆಯುತ್ತಿದೆ ಎಂದು ಆಕೆ ತೀರ್ಮಾನ ಮಾಡಿ, ಸೊಸೆಯನ್ನು ಹಾಲು ಕರೆಯಲು ಎಮ್ಮೆಯ ಹತ್ತಿರವೂ ಬಿಡಲಿಲ್ಲ. ತಪಾಸಣೆಗೆ ಬಂದ ಸೊಸೆ ಇದನ್ನು ಹೇಳಿದಾಗ ನನಗೆ ಪಾಪ ಅನ್ನಿಸಿತು. ಡಾಕ್ಟರ ಹತ್ತಿರ ಹೇಳಿ ನಿಮ್ಮ ಅತ್ತೆಗೆ ತಿಳಿಸಿ ಹೇಳಿಸಲಾ ಎಂದೆ.

ಸೊಸೆ ನನ್ನ ಕೈ ಹಿಡಿದುಕೊಂಡಳು. "ಬೇಡ ಸಿಸ್ಟರ್. ಬೆಳಿಗ್ಗೆ ಬೇಗ ಏಳೂದು ತಪ್ಪಿದೆ."

ಕಾಣದ್ದು

ಶಿರವಾಡದ ಒಬ್ಬ ವಾಲಿಬಾಲ್ ಆಟಗಾರನ ಅಪ್ಪ ಮಗನ ಎಕ್ಸ್‌ರೇ ಹಿಡಿದುಕೊಂಡು ಬಂದ. ಹಿಂದೆ ರಿಕ್ಷಾ ತುಂಬ ನೆಂಟರು. ಎಕ್ಸ್‌ರೇಯಲ್ಲಿ ಮೂಳೆಯ ತೂತು ಕಾಣುತ್ತದೆ, ಸ್ಕ್ರೂ ಇಲ್ಲ ಎಂಬುದು ತಕರಾರು. ಈ ಸ್ಕ್ರೂ ಕಬ್ಬಿಣದ್ದರ ಹಾಗೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದರು ಡಾಕ್ಟರು.

"ಕಾಣದ್ದು ಅಂದ್ರೆ ಒಂದೋ ದೇವರು, ಇಲ್ಲಾ ಮೋಸ," ಎಂದ ಅಪ್ಪ. "ಇದು ಯಾವ್ದು ಹೇಳಿ."

ಡಾಕ್ಟರು ಅಂಥದೇ ಒಂದು ಹೊಸ ಸ್ಕ್ರೂ ತಂದು, ಅದರ ಪಕ್ಕ ಅವನದೇ ಮನೆಯ ಬೀಗದ ಕೈ ಇಟ್ಟು ಎಕ್ಸ್‌ರೇ ತೆಗೆಸಿದರು. ಬೀಗದ ಕೈ ಹಲ್ಲು ಸಮೇತ ಕಂಡಿತು. ಸ್ಕ್ರೂ ಇದ್ದಲ್ಲಿ ಮಂಜಿನಂಥ ಒಂದು ನೆರಳು. ಅಪ್ಪ ಕೈಮುಗಿದು, ನೆಂಟರನ್ನೆಲ್ಲ ಕರೆದುಕೊಂಡು ಹೋದ.

ಮರುದಿನ ಬಾಗಿಲು ತೆಗೆಯುವಾಗ ಒಬ್ಬನೇ ನಿಂತಿದ್ದ. ಕರವಸ್ತ್ರದ ಗಂಟು ಬಿಚ್ಚಿ, ಮದುವೆಯಲ್ಲಿ ಮಾವನ ಮನೆಯವರು ಹೆಂಡತಿಗೆ ಹಾಕಿದ ಚಿನ್ನದ ಬಳೆ ಹೊರಗೆ ತೆಗೆದ. ಇದರದ್ದೂ ಒಂದು ಎಕ್ಸ್‌ರೇ ಆಗಬೇಕಿತ್ತಂತೆ.

ನೀರು

ಹಾರವಾಡದ ಮೀನುಗಾರನೊಬ್ಬ ದೋಣಿಯಲ್ಲಿ ಜಾರಿ ಮೊಣಕಾಲು ಕೆಡಿಸಿಕೊಂಡಿದ್ದ. ಸ್ಕ್ರೂ ಹಾಕಿ ಕಳಿಸುವಾಗ ಡಾಕ್ಟರು, ಇದು ನೀರು ತಾಗಿ ತಾಗಿಯೇ ಕರಗುವುದು, ಆದರೆ ಮೂಳೆ ಬೆಳೆಯುವ ಮೊದಲೇ ಕರಗಿದರೆ ಕಷ್ಟ ಎಂದಿದ್ದರು. ಮೈಯೊಳಗಿನ ನೀರು ಎಂದು ಹೇಳಲು ಅವರೂ ಮರೆತರು, ನಾನೂ ಮರೆತೆ.

ಗಾಯ ಒಣಗಿತು, ನಡಿಗೆ ಸರಿಯಾಯಿತು, ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದವು. ಇವನ ದೋಣಿ ಮಾತ್ರ ದಡದಲ್ಲೇ. ಹೆಂಡತಿ ಅವನನ್ನು ಎಳೆದುಕೊಂಡು ಬಂದಳು. ಅವಳು ಬಾಯಿ ತೆರೆಯುವ ಮೊದಲೇ ನಮಗೆ ವಿಷಯ ಮೂಗಿಗೆ ಬಂದಿತ್ತು. ಕಡಲಂತೂ ಹೋಗಲಿ, ಬಚ್ಚಲಿಗೂ ಕಾಲಿಟ್ಟಿರಲಿಲ್ಲ. ಹೊರಗಿನ ನೀರು ಚರ್ಮ ದಾಟಿ ಸ್ಕ್ರೂವರೆಗೆ ಹೋಗುವುದಿಲ್ಲ, ಕರಗಿಸುವುದು ಮೈಯೊಳಗಿನ ನೀರು ಎಂದು ಡಾಕ್ಟರು ಹೇಳಿದರು. ಒಳಗೂ ನೀರುಂಟಾ ಎಂದು ಅವನು ಇನ್ನಷ್ಟು ಹೆದರಿದ.

ಹೆಂಡತಿ ಡಾಕ್ಟರನ್ನು ಬದಿಗೆ ಕರೆದಳು. ಬಾಯಿಮಾತು ಇವನಿಗೆ ನಾಟೂದಿಲ್ಲ, ಚೀಟಿಯಲ್ಲಿ ಬರೆದುಕೊಟ್ರೆ ಕಣ್ಣುಮುಚ್ಚಿ ಮಾಡ್ತಾನೆ ಎಂದಳು. ಡಾಕ್ಟರು ತಮ್ಮ ಇಂಗ್ಲಿಷಿನಲ್ಲಿ, ಸ್ನಾನ, ದಿನಕ್ಕೊಮ್ಮೆ, ಊಟಕ್ಕೆ ಮೊದಲು ಎಂದು ಗೀಚಿ, ಇದನ್ನು ತಪ್ಪಿಸಬಾರದು ಎಂದು ಅವನ ಕೈಗಿಟ್ಟರು. ಹೆಂಡತಿ ಚೀಟಿ ಓದಿ ಹೇಳಿಸಲು ನನ್ನನ್ನು ಕರೆಯಬೇಕು ಎನ್ನುವಷ್ಟರಲ್ಲಿ ಅವನು ಅದನ್ನು ಹಿಡಿದುಕೊಂಡು ಎದುರಿನ ಔಷಧಿ ಅಂಗಡಿಗೆ ಹೋಗಿಯಾಗಿತ್ತು.

ಅಂಗಡಿಯವನು ಚೀಟಿಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ. ಓದಲಿಕ್ಕೆ ಬರಲಿಲ್ಲ ಎಂದು ಹೇಳುವ ಪೈಕಿ ಅಲ್ಲ ಅವನು. ಆ ಕಂಪನಿಯ ಮಾಲು ಖಾಲಿ, ಸೋಮವಾರ ಬರುತ್ತದೆ ಎಂದುಬಿಟ್ಟ.

ನಮ್ಮ ರೋಗಿ ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದು ಇದನ್ನೆಲ್ಲ ಹೇಳಿದ. "ಸೋಮವಾರದವರೆಗೆ ತಡೀಬಹುದಾ ಡಾಕ್ಟ್ರೇ?"

ಡಾಕ್ಟರು ಮೇಜಿಗೆ ತಲೆಯಿಟ್ಟು ನಗತೊಡಗಿದರು. ಸೆರಗನ್ನು ಮೂಗಿಗೆ ಒತ್ತಿಕೊಂಡೇ ಹೆಂಡತಿ ಎದ್ದು, ಅವನ ಕೈ ಹಿಡಿದು ಆಸ್ಪತ್ರೆಯ ಹಿಂದಿನ ನಲ್ಲಿಯ ಕಡೆಗೆ ನಡೆದಳು.

"ಸಿಸ್ಟರ್," ಎಂದಳು ಹೋಗುತ್ತಾ, "ಒಂದು ಡೋಸು ನಾನೇ ಕೊಡ್ತೆ. ಸೋಪು ಉಂಟಾ?"