ಖಲಬತ್ತಿನಲ್ಲಿ ಕುಟ್ಟಿದ ಸಂಶೋಧನೆ

ನಮ್ಮಂಥ ವಿಜ್ಞಾನದವರದು ವಿಚಿತ್ರ ಜಾತಿ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಹೊಟ್ಟೆಯಲ್ಲಿ ಏನಿತ್ತೆಂದು ಎದೆತಟ್ಟಿ ಹೇಳುತ್ತೇವೆ. ಮುಂಜಾನೆ ನಮ್ಮ ಅಡುಗೆಮನೆಯಲ್ಲಿ ಏನಿತ್ತೆಂದು ಕೇಳಿದರೆ ಬಾಯಿ ಬಿಡುತ್ತೇವೆ. ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಡಾಕ್ಟರೇಟಿಗೆಂದು ಹಿಡಿದ ವಿಷಯ, ಪುರಾತನ ಕೆಸರು ಗಟ್ಟಿಯಾಗಿ ಆದ ಕಲ್ಲಿನ ಸಾವಯವ ಅಂಶದಲ್ಲಿರುವ ಗಂಧಕದ ಸಂಯುಕ್ತಗಳು. ಘಾಟಬೋರಾಳದಲ್ಲಿ ಬಾವಿ ತೋಡುತ್ತಿದ್ದ ಮಸ್ತಾನ ಸಾಬರು, ಎರಡು ಕರಿಗಲ್ಲಿನ ಪದರಗಳ ನಡುವೆ ಸಿಕ್ಕ ಕಪ್ಪು ಹೆಂಟೆಗಳನ್ನು ನನ್ನ ಚೀಲಕ್ಕೆ ತುಂಬಿ, "ಇದು ಕಲ್ಲೂ ಅಲ್ಲ, ಮಣ್ಣೂ ಅಲ್ಲರಿ ಮಾಸ್ತರ. ಇದನ್ನ ಹೊತ್ಕೊಂಡು ಎಲ್ಲಿಗಿ ಹೊಂಟೀರಿ?" ಎಂದು ನಕ್ಕಿದ್ದರು.

ಕಲ್ಲನ್ನು ನುಣ್ಣಗೆ ಪುಡಿ ಮಾಡಬೇಕು. ಕಾಲೇಜಿನ ಕುಟ್ಟಾಣಿ ಒಡೆದಿತ್ತು. ಮನೆಯಲ್ಲಿ ಹೆಂಡತಿ ಕಮಲಾಬಾಯಿಯ ಕಲ್ಲಿನ ಖಲಬತ್ತು ಇತ್ತು. ಅವಳು ಮಧ್ಯಾಹ್ನ ಅಡ್ಡಾದಾಗ ಕುಟ್ಟಿ, ಒಂದು ಚೆಂಬು ನೀರು ಸುರಿದು, ಇದ್ದಲ್ಲೇ ಇಡುತ್ತಿದ್ದೆ. ಪುಡಿ ಹೈದರಾಬಾದಿನ ನನ್ನ ಮಾರ್ಗದರ್ಶಕರಿಗೆ ಹೋಯಿತು. ತಿಂಗಳಲ್ಲಿ ಅವರ ಪತ್ರ: "ಇಷ್ಟು ಹಳೆಯ ಕಲ್ಲಿನಲ್ಲಿ ಇಂಥ ಗಂಧಕದ ಸಂಯುಕ್ತ ಉಳಿದದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಇನ್ನಷ್ಟು ಪುಡಿ ಕಳಿಸಿ. ಇದೊಂದರಿಂದಲೇ ನಿಮ್ಮ ಪ್ರಬಂಧ ಗೆದ್ದಂತೆ."

ಅಯ್ಯೋ, ಆ ವಾರ ನನ್ನ ಗತ್ತೇನು! ಬಸ್ಸಿನಲ್ಲಿ ನಿಂತು ಹೋಗುವಾಗಲೂ ಮೆರವಣಿಗೆಯಲ್ಲಿ ಹೊರಟವನ ಮುಖ. ಭಾನುವಾರ ಮತ್ತೆ ಕುಟ್ಟಲು ಕೂತೆ. ಕಮಲಾಬಾಯಿ ಬುಟ್ಟಿ ತುಂಬ ಬೆಳ್ಳುಳ್ಳಿ ಹಿಡಿದು ಬಂದಳು.

"ಏನ್ ಮಾಡಾಕತ್ತೀರಿ? ಸರೀರಿ ಅತ್ಲಾಗ, ಖಾರ ಕುಟ್ಟೋದದ."

ಬೆಳ್ಳುಳ್ಳಿ! ಅದರ ಘಾಟೆಂದರೆ ಗಂಧಕವೇ. ಖಲಬತ್ತಿನ ಸಣ್ಣ ಸಣ್ಣ ತೂತುಗಳಲ್ಲಿ ವರ್ಷಗಟ್ಟಲೆಯ ಬೆಳ್ಳುಳ್ಳಿ ಖಾರ ಕೂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಡಾಕ್ಟರೇಟು. ಬಾಯಿ ಬಿಟ್ಟರೆ ಎರಡು ವರ್ಷದ ದುಡಿಮೆ ನೀರಿಗೆ. ಎರಡು ದಿನ ಒದ್ದಾಡಿ, ಕೊನೆಗೆ ಇದ್ದದ್ದು ಇದ್ದಂತೆ ಬರೆದುಬಿಟ್ಟೆ. "ಶುದ್ಧ ಕುಟ್ಟಾಣಿಯಲ್ಲಿ ಮೊದಲಿನಿಂದ ಮಾಡಿ" ಎಂದು ಒಂದೇ ಸಾಲಿನ ಉತ್ತರ ಬಂತು. ಮಾಡಿದೆ. ಬಾವಿಯ ಕಲ್ಲಿನದೇ ಆದ ಚೂರು ಗಂಧಕ ನಿಜವಾಗಿಯೂ ಸಿಕ್ಕಿತು. ಪದವಿ ತಡವಾಯಿತು, ಆದರೆ ಬಂತು. ನೆಮ್ಮದಿಯಾಗಿದ್ದೆ.

ಆ ಖುಷಿಯಲ್ಲಿ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಿಮ್ಮ ಕಲ್ಲಿಗಿ ನನ್ನ ಖಾರ ಹತ್ತೇದಂದ್ರ, ನನ್ನ ಖಾರಕ್ಕ ಏನ್ ಹತ್ತಿರಬೇಕ್ರಿ?"

ಕಲ್ಲು ಕುಟ್ಟಿದ ಆ ತಿಂಗಳು, "ಖಾರ ಈ ಸಲ ಭಾಳ ಛಲೋ ಆಗೇದ" ಎಂದು ದಿನಾ ಎರಡೆರಡು ಸಲ ಹಾಕಿಸಿಕೊಂಡವನು ನಾನೇ.