ಮಾವನ ಕಾರಿಗೆ ಮೆಷಿನ್ ಪಾಲಿಶ್

ನಮ್ಮ ಸೋದರಮಾವನಿಗೆ ಇಬ್ಬರು ಮಕ್ಕಳು. ಒಬ್ಬಳು ಪುಟ್ಟಿ, ಇನ್ನೊಂದು ಕಾರು. ಇಬ್ಬರಲ್ಲಿ ಯಾರ ಮೇಲೆ ಮುದ್ದು ಹೆಚ್ಚು ಎಂದು ಕೇಳಿದರೆ ಪುಟ್ಟಿಯೇ ಕಾರಿನ ಕಡೆ ಕೈ ತೋರಿಸುತ್ತಾಳೆ.

ರಾಜಾಜಿನಗರದ ಅವರ ಮನೆಯ ಮುಂದೆ ಆ ಕೆನೆ ಬಣ್ಣದ ಕಾರನ್ನು ನಾನು ಚಡ್ಡಿ ಹಾಕುವ ಕಾಲದಿಂದ ನೋಡುತ್ತಿದ್ದೇನೆ. ಭಾನುವಾರ ಬಂತೆಂದರೆ ನಮ್ಮನ್ನೆಲ್ಲ ತುಂಬಿಕೊಂಡು ಕೆಂಗೇರಿಯಾಚೆ ಹೋಗುತ್ತಿತ್ತು. ಹಿಂದೆ ಒಬ್ಬರ ತೊಡೆಯ ಮೇಲೆ ಒಬ್ಬರು, ಮುಂದೆ ಅತ್ತೆಯ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ಆ ಒಗ್ಗರಣೆಯ ಘಮ ಸೀಟಿನಲ್ಲಿ ಇನ್ನೂ ಇದೆ ಎಂದೇ ನನ್ನ ಅನುಮಾನ. ಅತ್ತೆ ತೀರಿಕೊಂಡ ಮೇಲೆ ಕಾರು ಹೊರಗೆ ಹೋಗುವುದು ಕಡಿಮೆಯಾಯಿತು, ಮಾವನ ಕಟ್ಟುಪಾಡು ಮಾತ್ರ ಹೆಚ್ಚಾಯಿತು. ಬಾಗಿಲನ್ನು ಯಾರೂ ಮುಟ್ಟುವ ಹಾಗಿಲ್ಲ, ಅವರೇ ಬಂದು ತೆಗೆಯಬೇಕು. ಬಳೆ, ಉಂಗುರ ಹಾಕಿಕೊಂಡವರಂತೂ ದೂರವೇ ನಿಲ್ಲಬೇಕು. ನಮ್ಮಮ್ಮ ಒಮ್ಮೆ ಹಿಡಿಗೆ ಕೈ ಹಾಕಿದಾಗ, ಒಡಹುಟ್ಟಿದ ತಂಗಿ ಎಂಬ ದಾಕ್ಷಿಣ್ಯವೂ ಇಲ್ಲದೆ "ಇರೇ, ಇರೇ, ಬಂದೆ" ಎಂದು ಊಟದ ಎಲೆ ಬಿಟ್ಟು ಓಡಿ ಬಂದಿದ್ದರು.

ಹೀಗಿರುವಾಗ ಪುಟ್ಟಿಗೆ ಮದುವೆ ಗೊತ್ತಾಯಿತು. "ಛತ್ರಕ್ಕೆ ನಾನು ನಮ್ಮ ಕಾರಲ್ಲೇ ಹೋಗೋದು" ಎಂದು ಅವಳ ಹಟ. ಕಾರೋ, ಬಿಸಿಲಿಗೆ ನಿಂತು ನಿಂತು ಮಂಕಾಗಿತ್ತು. ನೋಡಲು ಬಂದ ಪೇಂಟರ್, "ಸಾರ್, ಎಲ್ಲಾ ಕೆರೆದು ಹೊಸ ಪೇಂಟ್ ಹೊಡೆದುಬಿಡೋಣ" ಎಂದ.

ಮಾವ ಬೆಚ್ಚಿಬಿದ್ದರು. "ಹಳೇ ಬಣ್ಣ ಹೋಗಬಾರದಪ್ಪ. ಅದೇ ಹೊಳೀಬೇಕು."

"ಹಂಗಾದ್ರೆ ಪಾಲಿಶ್ ಮಾಡ್ಬೇಕು. ಬಣ್ಣ ತೆಳ್ಳಗಿದೆ, ಸ್ವಲ್ಪ ಜಾಸ್ತಿ ಉಜ್ಜಿದ್ರೂ ತಗಡು ಕಾಣತ್ತೆ, ನೋಡ್ಕೊಳ್ಳಿ" ಎಂದು ಹೆದರಿಸಿ ಅವನು ಹೊರಟುಹೋದ. ಇಂಥ ಕೆಲಸವನ್ನು ಮಾವ ಬೇರೆಯವರ ಕೈಗೆ ಕೊಡುತ್ತಾರೆಯೇ? ಅರವತ್ತು ದಾಟಿದ ಮನುಷ್ಯ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಪಾಲಿಶ್ ವಿದ್ಯಾರ್ಥಿಯಾದರು.

ಸಾಮಾನು ತರಲು ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವನು ಎರಡು ಮೆಷಿನ್ ಇಟ್ಟ. "ಇದು ಒಂದೇ ಕಡೆ ಗಿರಗಿರ ತಿರುಗತ್ತೆ ಸಾರ್, ಕೈ ಪಳಗಿಲ್ಲ ಅಂದ್ರೆ ಬಿಸಿಯಾಗಿ ಬಣ್ಣ ಸುಡತ್ತೆ. ಇದು ತಿರುಗ್ತಾ ಅಲ್ಲಾಡತ್ತೆ, ನಿಧಾನ. ಹೊಸಬರಿಗೆ ಇದೇ ಸೇಫು."

"ಅಂದ್ರೆ ಮಿಕ್ಸಿ ಬೇಡ, ಗ್ರೈಂಡರ್ ತಗೋ ಅಂತೀಯ" ಎಂದರು ಮಾವ. ದೋಸೆ ಹಿಟ್ಟಿನ ಲೆಕ್ಕದಲ್ಲಿ ಮೆಷಿನ್ ಆರಿಸಿದವರು ಬೆಂಗಳೂರಿನಲ್ಲಿ ಇವರೊಬ್ಬರೇ ಇರಬೇಕು.

ಆಮೇಲೆ ಸ್ಪಂಜಿನ ಪ್ಯಾಡುಗಳು. ಒಂದೊಂದನ್ನೂ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅಂಗಡಿಯವನು ಮೆಲ್ಲಗೆ, "ಸಾರ್, ಅದು ಕಾರಿಗೆ" ಎಂದ.

"ಗೊತ್ತಪ್ಪ. ಅದಕ್ಕೂ ನೋವಾಗಬಾರದಲ್ಲ."

ಎಲ್ಲಕ್ಕಿಂತ ಮೆತ್ತಗಿನ ಪ್ಯಾಡು, ಎಲ್ಲಕ್ಕಿಂತ ನಯವಾದ ಪಾಲಿಶ್, ಅಂಟಿಸುವ ಟೇಪು, ಒರೆಸಲು ಮೈಕ್ರೋಫೈಬರ್ ಬಟ್ಟೆ ಮನೆಗೆ ಬಂದವು. ನೆಲಕ್ಕೆ ಬಿದ್ದ ಬಟ್ಟೆಯಲ್ಲಿ ಮರಳು ಸೇರಿ ಬಣ್ಣಕ್ಕೆ ಗೀರು ಬೀಳುತ್ತದೆ ಎಂದು ವಿಡಿಯೊದಲ್ಲಿ ಹೇಳಿದ್ದರಂತೆ. ಹಬ್ಬದ ದಿನವೂ ಮಡಿ ಉಡದ ಮಾವ ಆ ಬಟ್ಟೆಗಳನ್ನು ಬೇರೆ ನೆನೆಸಿ, ಬೇರೆ ಹಿಂಡಿ, ಅಜ್ಜಿಯ ಮಡಿಕೋಲಿನಿಂದ ಮೇಲಿನ ಗಳುವಿಗೆ ಹರವಿದರು. ಕೆಲಸದವಳ ಕೈ ತಾಗಿದ ಒಂದು ಬಟ್ಟೆ ಮತ್ತೆ ನೀರಿಗೆ ಹೋಯಿತು. ಸ್ವರ್ಗದಲ್ಲಿ ಅಜ್ಜಿ ಎಷ್ಟು ಹಿಗ್ಗಿದಳೋ!

ಕೈ ಪಳಗಲೆಂದು ಮೊದಲು ಕೋಣೆಯ ಬೀರುವಿನ ಮೇಲೆ ಪ್ರಯೋಗ ನಡೆಯಿತು. ಒಂದು ಬಾಗಿಲು ಕನ್ನಡಿಯಾಯಿತು, ಇನ್ನೊಂದು ಹಾಗೇ ಉಳಿಯಿತು. "ಅರ್ಧ ಬೀರು ಮದುವೆಗೆ ರೆಡಿ" ಎಂದಳು ಪುಟ್ಟಿ.

ಕಡೆಗೆ ಕಾರಿನ ಸರದಿ. ಅಂಚಿಗೆಲ್ಲ ಟೇಪು ಅಂಟಿಸಿ, ಉಸಿರು ಬಿಗಿ ಹಿಡಿದು, ಮಗುವಿನ ಬೆನ್ನು ಸವರಿದ ಹಾಗೆ ಮೆಷಿನ್ ಆಡಿಸಿದರು. ತಗಡು ಕಾಣಲಿಲ್ಲ. ಹಳೆಯ ಕೆನೆ ಬಣ್ಣ ನನ್ನ ಬಾಲ್ಯದ ಭಾನುವಾರಗಳಲ್ಲಿ ಇದ್ದ ಹಾಗೆಯೇ ಎದ್ದು ಬಂತು. ನನಗೆ ಚಿತ್ರಾನ್ನ ನೆನಪಾಯಿತು.

ಮದುವೆಯ ದಿನ ಬೆಳಗ್ಗೆ ಹೂವಿನ ಹಾರ ಕಟ್ಟುವಾಗ ನೋಡುತ್ತೇನೆ, ಮುಂದಿನ ಎಡಬಾಗಿಲಿನ ಹಿಡಿಯ ಕೆಳಗೆ ಅಂಗೈಯಗಲ ಜಾಗ ಮಂಕಾಗಿಯೇ ಇದೆ. ತುಂಬ ಸಣ್ಣ ಸಣ್ಣ ಗೀರುಗಳು. ಸುತ್ತ ಟೇಪು ಕಿತ್ತ ಗುರುತು.

"ಮಾವ, ಇಲ್ಲೊಂದು ಕಡೆ ಮರೆತಿದೀರ" ಎಂದು ನಾನು ಬಟ್ಟೆ ತೆಗೆದುಕೊಂಡೆ.

ಮಾವ ನನ್ನ ಕೈ ಹಿಡಿದರು. "ಮರೆತಿಲ್ಲ ಕಣೋ. ನಿಮ್ಮತ್ತೆ ಬಳೆ ಗೀರು ಅವು."

ಅಷ್ಟು ವರ್ಷ ಅತ್ತೆ ತೆಗೆದದ್ದು ಆ ಬಾಗಿಲನ್ನೇ. ಇನ್ನೊಂದು ಕೈ ಆ ಗೀರುಗಳ ಮೇಲೆ ಬೀಳದಿರಲಿ ಎಂದು ಮಾವ ನಮ್ಮನ್ನೆಲ್ಲ ತಡೆಯುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ನಾನು ಬಟ್ಟೆ ಮಡಚಿಟ್ಟೆ.

ಅಷ್ಟರಲ್ಲಿ ಪುಟ್ಟಿ ಬಂದಳು, ಎರಡೂ ಕೈ ತುಂಬ ಹಸಿರು ಬಳೆ. ಅಭ್ಯಾಸದಂತೆ ಬಾಗಿಲ ಬಳಿ ಅಪ್ಪನಿಗಾಗಿ ಕಾದು ನಿಂತಳು. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನೀನೇ ತೆಗಿಯಮ್ಮ."

ಅವಳು ಹಿಡಿಗೆ ಕೈ ಹಾಕಿದಳು. ಬಳೆಗಳು ಘಲ್ಲೆಂದು ಆ ಮಂಕು ಜಾಗಕ್ಕೆ ತಾಗಿದವು. ಅವಳು ಒಳಗೆ ಕೂತ ಮೇಲೆ ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಹೊಸದೊಂದು ಬಿತ್ತೇನೋ, ನೋಡು."

ನನ್ನ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. "ಬಿತ್ತು ಮಾವ" ಎಂದೆ.